ಮಾಮಾನ ಗವಿಯಲ್ಲಿ ಸಿಂಹಗಳಿರಲಿಲ್ಲ

ನಮ್ಮ ಮಾಮಾನಂಥ ಅಂಜುಬುರುಕ ಇಡೀ ಕೊಪ್ಪಳ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ ಎಂದರೆ ನೀವು ನಂಬಬಹುದು. ಆದರೆ ಅವನ ಉದ್ಯೋಗ ಏನಾಗಿತ್ತು ಎಂದು ಹೇಳಿದರೆ ಮಾತ್ರ ನಂಬಲಿಕ್ಕಿಲ್ಲ. ಊರೂರು ತಿರುಗಿ ಜನರಿಗೆ "ಅಂಜಬ್ಯಾಡ್ರಿ" ಎಂದು ಹೇಳುವುದೇ ಅವನ ಉದ್ಯೋಗ! ಆಗ ನಿಜಾಮರ ಕಾಲ. ನನ್ನ ಅವ್ವನ ಬೆನ್ನಿಗೆ ಬಿದ್ದ ಈ ತಮ್ಮ ನಮ್ಮ ಕ್ರೈಸ್ತ ಸಭೆಯ ಉಪದೇಶಿಯಾಗಿದ್ದ. ಯಲಬುರ್ಗಾ ಹತ್ತಿರದ ನಮ್ಮ ಹಳ್ಳಿಯಲ್ಲಿ, ನಮ್ಮ ಮನೆಯಲ್ಲೇ ಅವನ ವಾಸ. ಕಂಕುಳಲ್ಲಿ ಬೈಬಲ್ಲು, ಕೈಯಲ್ಲಿ ಕೊಡೆ, ಸುತ್ತಲಿನ ಹಳ್ಳಿಗಳಿಗೆ ಸುವಾರ್ತೆ ಸಾರಲು ಹೊರಟನೆಂದರೆ ನೋಡಿದವರು ಎಂಥ ಧೀರ ಎನ್ನಬೇಕು.

ಅವನಿಗೆ ದೆವ್ವದ ಅಂಜಿಕೆ ಇರಲಿಲ್ಲ. ತಹಶೀಲ್ದಾರನ ಅಂಜಿಕೆಯೂ ಇರಲಿಲ್ಲ. ಇದ್ದಬದ್ದ ಅಂಜಿಕೆಯನ್ನೆಲ್ಲ ನಾಯಿಗಳಿಗೆಂದೇ ಮೀಸಲಿಟ್ಟಿದ್ದ. ದೊಡ್ಡ ನಾಯಿ, ಸಣ್ಣ ನಾಯಿ, ಹಲ್ಲುದುರಿದ ಮುದಿ ನಾಯಿ ಎಂಬ ಭೇದಭಾವ ಅವನಲ್ಲಿರಲಿಲ್ಲ. ಕಣ್ಣು ಬಿಡದ ಮರಿಯನ್ನು ಕಂಡರೂ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದ! ಯಾವ ಊರಿಗೆ ಹೋದರೂ ಅಗಸಿ ಬಾಗಿಲ ಹೊರಗೇ ನಿಂತು, ನೀರು ತರಲು ಬಂದ ಹೆಂಗಸರನ್ನು ವಿಚಾರಿಸುತ್ತಿದ್ದ. ವಿಚಾರಿಸುವುದು ಏನನ್ನು? ಊರಲ್ಲಿ ನಮ್ಮವರ ಮನೆ ಎಷ್ಟಿವೆ ಎಂದೇ? ಛೇ!

"ಯವ್ವಾ, ನಿಮ್ಮೂರಾಗ ನಾಯಿ ಎಷ್ಟ ಅದಾವ? ಕಟ್ಟಿ ಹಾಕ್ಯಾರೋ ಬಿಟ್ಟಾರೋ?"

ಒಮ್ಮೆ ಅವ್ವ ಒಂದು ಉಪಾಯ ಹೇಳಿಕೊಟ್ಟಳು. "ಕಿಸೆದಾಗ ರೊಟ್ಟಿ ಚೂರು ಇಟ್ಕೋ. ನಾಯಿ ಬಂತಂದ್ರ ಒಗಿ. ಅದು ರೊಟ್ಟಿ ತಿನ್ನತೈತಿ, ನೀ ಪಾರಾಗ್ತಿ." ಮಾಮಾ ಹಾಗೆಯೇ ಮಾಡಿದ. ಫಲ ಏನಾಯಿತು? ಸುತ್ತಲಿನ ಊರುಗಳ ನಾಯಿಗಳೆಲ್ಲ ಅವನನ್ನು ತಮ್ಮ ಅನ್ನದಾತನೆಂದು ತಿಳಿದವು! ದೂರದಿಂದ ಕೊಡೆ ಕಂಡರೆ ಸಾಕು, ಬಾಲ ಅಲ್ಲಾಡಿಸುತ್ತ ಪ್ರೀತಿಯಿಂದ ಓಡಿಬರುತ್ತಿದ್ದವು. ಆ ಪ್ರೀತಿ ಮಾಮಾನಿಗೆ ತಿಳಿಯಬೇಕಲ್ಲ! ಅವನು ಮುಂದೆ, ಅವನ ಭಕ್ತಮಂಡಳಿ ಹಿಂದೆ. ಆ ವರ್ಷ ನಮ್ಮ ಉಪದೇಶಿಯ ಬೆನ್ನು ಹತ್ತಿದಷ್ಟು ಜೀವಗಳು ಬೇರೆ ಯಾವ ಉಪದೇಶಿಯ ಬೆನ್ನೂ ಹತ್ತಿರಲಿಕ್ಕಿಲ್ಲ.

ಇಂಥವನಿಗೆ ಅತಿ ಪ್ರೀತಿಯ ಕಥೆ ಯಾವುದಿರಬೇಕು? ಸಿಂಹಗಳ ಗವಿಯಲ್ಲಿ ಬಿದ್ದ ದಾನಿಯೇಲನದು! ರಾಜನು ಆ ಭಕ್ತನನ್ನು ಸಿಂಹಗಳ ನಡುವೆ ಹಾಕಿಸಿದರೆ ದೇವರು ದೂತನನ್ನು ಕಳಿಸಿ ಅವುಗಳ ಬಾಯಿ ಕಟ್ಟಿದ ಕಥೆ. ಆದರೆ ನಮ್ಮ ಕಡೆ ಸಿಂಹವನ್ನು ಕಂಡವರು ಯಾರು? ಕಾಣದ್ದಕ್ಕೆ ಜನ ಅಂಜುವುದಾದರೂ ಹೇಗೆ? ಅದಕ್ಕೆ ಮಾಮಾ ಊರು ನೋಡಿ ಪ್ರಾಣಿ ಬದಲಿಸುತ್ತಿದ್ದ. ಯಲಬುರ್ಗಾದ ಎರೆಹೊಲಗಳ ಊರಿನಲ್ಲಿ ದಾನಿಯೇಲ ತೋಳಗಳ ನಡುವೆ ಬೀಳುತ್ತಿದ್ದ. ಕುಷ್ಟಗಿಯ ಕಡೆ ಗವಿಯ ತುಂಬ ಹಾವು, ಚೇಳು. ಗಂಗಾವತಿಯ ಕಲ್ಲುಗುಡ್ಡಗಳ ಹತ್ತಿರ ಕರಡಿ. ವಿರೂಪಾಪುರಗಡ್ಡೆಯಲ್ಲಂತೂ ಗವಿ ಹೋಗಿ ಹೊಳೆಯ ಮಡುವೇ ಆಗಿ, ಮೊಸಳೆಗಳ ನಡುವೆ ಪಾಪ ದಾನಿಯೇಲ ತೊಯ್ದು ತೊಪ್ಪೆಯಾಗುತ್ತಿದ್ದ!

ಸುದ್ದಿ ಕೊಪ್ಪಳದ ಪಾದ್ರಿಗಳಿಗೆ ಮುಟ್ಟಿತು. ಕರೆಸಿ ಕೇಳಿದರು.

"ಗ್ರಂಥದಲ್ಲಿ ಸಿಂಹ ಎಂದಿದೆಯಲ್ಲ, ನೀವು ಮೊಸಳೆಯನ್ನು ಎಲ್ಲಿಂದ ತಂದಿರಿ?"

"ಹೊಳಿಯಿಂದರಿ" ಎಂದ ಮಾಮಾ.

ಪಾದ್ರಿಗಳು ತಲೆಗೆ ಕೈ ಹಚ್ಚಿಕೊಂಡರು. ಇನ್ನು ಮುಂದೆ ಸಿಂಹವನ್ನೇ ತೋರಿಸಿ ಹೇಳಬೇಕೆಂದು, ಕಿನ್ನಾಳದ ಚಿತ್ರಗಾರರಿಂದ ಕಟ್ಟಿಗೆಯ ಸಿಂಹವೊಂದನ್ನು ಮಾಡಿಸಿಕೊಟ್ಟರು. ಆಹಾ, ಏನು ಸಿಂಹ! ಅರಿಶಿನದ ಮೈ, ಕೆಂಪು ನಾಲಿಗೆ, ದಫೇದಾರನ ಹಾಗೆ ತಿರುವಿದ ಮೀಸೆ. ಮಾಮಾ ಅದನ್ನು ಒಂದು ಊರಿನ ಕಟ್ಟೆಯ ಮೇಲಿಟ್ಟು ಕಥೆ ಶುರು ಮಾಡಿದ್ದೇ ತಡ, ಮುದುಕಿಯೊಬ್ಬಳು ಎದ್ದು ಬಂದು ಸಿಂಹದ ಹಣೆಗೆ ಕುಂಕುಮ ಹಚ್ಚಿ ಕೈ ಮುಗಿದಳು. "ದೇವಿ ವಾಹನ ಬಂದೈತಿ, ದೇವಿ ಎಲ್ಲಿ ಅದಾಳ್ರಿ?" ಎಂದೂ ಕೇಳಿದಳು. ಅವಳ ಹಿಂದೆ ಉಳಿದವರೂ ಸಾಲುಗಟ್ಟಿದರು. ಪಾದ್ರಿಗಳೇ ಹೇಳಿ ಆ ಸಿಂಹವನ್ನು ಪೆಟ್ಟಿಗೆಗೆ ಸೇರಿಸಿದರು. ತೋಳಗಳು ಮತ್ತೆ ಕೆಲಸಕ್ಕೆ ಬಂದವು.

ಆದರೆ ತೋಳದ ಕಥೆಯೂ ಒಮ್ಮೆ ತಿರುಗುಬಾಣವಾಯಿತು. ನಮ್ಮೂರಿಂದ ಯಲಬುರ್ಗಾಕ್ಕೆ ಹೋಗುವ ಕಾಲುದಾರಿಯಲ್ಲಿ, ಗುಡ್ಡದ ಮೇಲೆ, ಒಂದು ಕುರಿಹಟ್ಟಿ ಇತ್ತು. ಅಲ್ಲಿಯ ಕುರಿಗಾರ ಒಂದು ದಿನ ಮಾಮಾನ ಕಥೆ ಕೇಳಿ, ಸಭೆ ಮುಗಿದ ಮೇಲೆ ಗುಟ್ಟಾಗಿ ಪಕ್ಕಕ್ಕೆ ಕರೆದ. ನಮ್ಮ ಕಡೆ ಕುರಿ ತಪ್ಪಿಸಿಕೊಂಡರೆ ಮಂತ್ರ ಹಾಕಿಸಿ ತೋಳದ ಬಾಯಿ ಕಟ್ಟಿಸುವ ರೂಢಿ. ಅವನಿಗೆ ಅದೇ ನೆನಪಾಗಿತ್ತು.

"ಯಪ್ಪಾ, ನಿಮ್ಮ ದೇವರ ಬಾಯಿಕಟ್ಟು ಮಂತ್ರ ಭಾಳ ಗಟ್ಟಿ ಐತಿ. ನನಗೂ ಒಂದೀಟು ಹೇಳಿಕೊಡ್ರಿ."

"ಅದು ಮಂತ್ರ ಅಲ್ಲೋ ತಮ್ಮಾ, ವಿಶ್ವಾಸ. ವಿಶ್ವಾಸ ಇದ್ದವರಿಗೆ ಯಾತರ ಅಂಜಿಕಿನೂ ಇಲ್ಲ."

ಕುರಿಗಾರ ತಲೆ ಕೆರೆದುಕೊಂಡ. "ಹಂಗಾರ ನೀವು ನಮ್ಮ ನಾಯಿಗೆ ಅಂಜಿ, ಗುಡ್ಡಾ ಸುತ್ತಿ ಬಂಡಿಹಾದಿ ಹಿಡಿದು ಹೋಗ್ತೀರಲ್ಲ, ಯಾಕ್ರಿ?"

ಮಾಮಾ ಅಂದು ಊಟ ಮಾಡಲಿಲ್ಲ. ಅವ್ವ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

ಅದೇ ಬೇಸಿಗೆ ಊರಿಗೆ ವಾಂತಿಭೇದಿ ಬಂತು. ಒಂದು ಮುಂಜಾನೆ ಅವ್ವನೇ ಬಿದ್ದಳು. ಅಪ್ಪ ದುಡಿಯಲು ಗಂಗಾವತಿ ಕಡೆ ಹೋಗಿದ್ದ. ಹೊತ್ತು ನೆತ್ತಿಗೇರುವಷ್ಟರಲ್ಲಿ ಅವಳ ಕಣ್ಣು ಒಳಸೇರಿ, ದನಿ ಉಡುಗಿಹೋಯಿತು. ಯಲಬುರ್ಗಾದಿಂದ ನರ್ಸಬಾಯಿಯನ್ನು ಕರೆತರಬೇಕು. ಗುಡ್ಡ ಸುತ್ತುವ ಬಂಡಿಹಾದಿ ಹಿಡಿದರೆ ಹೋಗಿ ಕರೆತರುವಷ್ಟರಲ್ಲಿ ರಾತ್ರಿಯಾಗುತ್ತದೆ. ಅಲ್ಲಿಯವರೆಗೆ ಅವ್ವ ತಡೆಯುವ ಹಾಗೆ ಕಾಣಲಿಲ್ಲ. ಉಳಿದದ್ದು ಕಾಲುದಾರಿ.

ಮಾಮಾ ಮೆಟ್ಟು ಹಾಕಿಕೊಳ್ಳುತ್ತಿದ್ದ. ಅವ್ವ ಕಷ್ಟಪಟ್ಟು ಕಣ್ಣು ತೆರೆದಳು.

"ಬ್ಯಾಡೋ ತಮ್ಮಾ… ಆ ಹಾದಿಗೆ ಹಟ್ಟಿ ಐತಿ…"

ಸಾಯುವ ಹೊತ್ತಿನಲ್ಲೂ ಅವಳಿಗೆ ತಮ್ಮನ ನಾಯಿಗಳದೇ ಚಿಂತೆ! ಮಾಮಾ ಎದ್ದ. ಕೊಡೆಯನ್ನೂ ತೆಗೆದುಕೊಳ್ಳಲಿಲ್ಲ, ರೊಟ್ಟಿಯನ್ನೂ ತೆಗೆದುಕೊಳ್ಳಲಿಲ್ಲ. ಹೊಸ್ತಿಲು ದಾಟಿ ಕಾಲುದಾರಿಯತ್ತ ತಿರುಗಿದ. ತುಟಿಯಲ್ಲಿ ಏನೋ ಪ್ರಾರ್ಥನೆ ಇತ್ತು.

ಅವನು ನರ್ಸಬಾಯಿಯನ್ನು ಜೋಡೆತ್ತಿನ ಬಂಡಿಯಲ್ಲಿ ಕೂಡಿಸಿಕೊಂಡು ಬಂದಾಗ ಇನ್ನೂ ದೀಪ ಹಚ್ಚುವ ಹೊತ್ತಾಗಿರಲಿಲ್ಲ. ಆಕೆ ಉಪ್ಪುನೀರಿನ ಬಾಟಲಿಯನ್ನು ಜಂತಿಗೆ ಕಟ್ಟಿ ಅವ್ವನ ಕೈಗೆ ಸೂಜಿ ಚುಚ್ಚಿದಳು. ಮಾಮಾ ಒಂದು ಮೂಲೆಯಲ್ಲಿ ಕಾಲಿಗೆ ಧೋತರ ಸುತ್ತಿಕೊಂಡು ಕುಳಿತ. ಏನಾಯಿತೆಂದು ನರ್ಸಬಾಯಿ ಕೇಳಿದ್ದಕ್ಕೆ "ಜಾಲಿಮುಳ್ಳು ಬಡೀತ್ರಿ" ಎಂದ. ಮರುದಿನ ಅವ್ವ ಗಂಜಿ ಬೇಡಿದಳು. ನನಗಾದ ಸಂತೋಷವನ್ನು ಈಗಲೂ ಹೇಳಲಾರೆ.

ಅವ್ವ ಗೋಡೆಗೆ ಒರಗಿ ಕೂಡುವಷ್ಟಾದ ದಿನ ಆ ಕುರಿಗಾರ ತಂಬಿಗೆ ತುಂಬ ಆಡಿನ ಹಾಲು ಹಿಡಿದು ಬಂದ.

"ಯಪ್ಪಾ, ನಮ್ಮ ನಾಯಿ ಕಡದದ್ದು ಮಾಯೇತೇನ್ರಿ? ನಾಯಿ ಛಲೋ ಐತ್ರಿ, ಹುಚ್ಚು ಗಿಚ್ಚು ಏನಿಲ್ಲ."

"ಏ, ಸುಮ್ನಿರೋ!" ಎಂದು ಮಾಮಾ ಕಣ್ಣು ಮಿಟುಕಿಸಿದ. ಕುರಿಗಾರ ಸುಮ್ಮನಿರುವ ಪೈಕಿಯೇ?

"ಏನ್ ಹೇಳ್ಲೆವ್ವಾ! ಅಳಕೋತ ಬಂದ್ರು. ನಾಯಿಗೊಳಿಗೆ ಕೈ ಮುಗದು, ‘ಬಿಡ್ರಪಾ, ನಮ್ಮಕ್ಕ ಸಾಯಾಕ ಹತ್ಯಾಳ’ ಅಂದ್ರು. ನಾ ಓಡಿ ಬರೋದ್ರಾಗ ಒಂದು ನಾಯಿ ಮೀನಖಂಡಕ್ಕ ಬಾಯಿ ಹಾಕಿಬಿಡ್ತು. ಗಾಯ ಕಟ್ಟತೀನಿ ನಿಂದರ್ರಿ ಅಂದ್ರ ನಿಂದರಲಿಲ್ಲ. ರಕ್ತಾ ಸುರಿಸಿಕೋತ ಓಡಿದ್ರು."

ಅವ್ವ ತಮ್ಮನ ಕಡೆ ನೋಡಿದಳು. "ಮುಳ್ಳು ಅಂತ ಯಾಕ ಸುಳ್ಳ ಹೇಳಿದಿ?"

ಮಾಮಾ ತಲೆ ತಗ್ಗಿಸಿದ. "ದಾನಿಯೇಲಗ ಸಿಂಹ ಸೈತ ಮುಟ್ಟಲಿಲ್ಲ. ನನಗ ನಾಯಿ ಕಡೀತಂದ್ರ ಮಂದಿ ದೇವರಿಗೆ ಏನಂದಾರು?"

ನೋಡಿದಿರಾ! ನಾಯಿಯ ಅಂಜಿಕೆ ಸಾಲದೆಂದು ದೇವರ ಮರ್ಯಾದೆಯ ಅಂಜಿಕೆ ಬೇರೆ!

"ಕಡದ ಮ್ಯಾಲರ ಹೊಳ್ಳಿ ಬರಬಾರದಿತ್ತೇನೋ?"

"ಕಡದ ಮ್ಯಾಲ ಅಂಜಿಕಿ ಮತ್ತೀಟು ಜಾಸ್ತಿ ಆತಕ್ಕಾ. ‘ಯೇಸುವೇ, ನನ್ನ ಅಂಜಿಕಿ ತಗೀಯೋದು ಆಮ್ಯಾಲ ಆಗಲಿ, ಈಗ ಕಾಲಷ್ಟ ನಡಸು’ ಅಂದೆ." ಅವನ ದನಿ ಸಣ್ಣದಾಯಿತು. "ನಡಸಿದ."

ಅವ್ವ ಮುಂದೆ ಸರಿದು ಅವನ ಧೋತರ ಎತ್ತಿದಳು. ಮೀನಖಂಡದ ಮೇಲೆ ಹಲ್ಲಿನ ಗುರುತುಗಳು ಕಪ್ಪಗೆ ಕಂಡವು. ಅವಳು ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿ, ಹಣೆಗೆ ಒತ್ತಿಕೊಂಡಳು.

ಮಾಮಾ ಗಾಬರಿಯಾಗಿ ಹಿಂದೆ ಸರಿಯಲು ನೋಡಿದ. "ಏ ಅಕ್ಕಾ, ಬಿಡ! ಹಿರ್ಯಾಕಿ ನೀ, ನನ್ನ ಕಾಲು ಮುಟ್ಟಬಾರದು, ಬಿಡಬೇ!"

ಅವ್ವ ಬಿಡಲಿಲ್ಲ.