ಮೆಹಬೂಬ ಕಾಕಾ ಬರೆದ ನಾಲ್ಕು ಸಾಲು

ಮೂವತ್ತು ವರ್ಷ ಸಂಶಿಯಿಂದ ಪತ್ರಿಕೆಗೆ ಸುದ್ದಿ ಕಳಿಸಿದವನಿಗೆ, ಒಬ್ಬ ಮನುಷ್ಯನ ಜೊತೆ ಕುಳಿತು ಪುಸ್ತಕ ಓದುವುದು ಎಷ್ಟರ ಕೆಲಸ? ನಮ್ಮೂರ ಆಶಾ ಕಾರ್ಯಕರ್ತೆ ರೇಣುಕಾ ಕೇಳಿದಾಗ ಹೀಗೆಂದುಕೊಂಡೇ ಒಪ್ಪಿದೆ.

ಮನಸ್ಸು ಕುಗ್ಗಿದವರಿಗಾಗಿ ಒಂದು ಸಣ್ಣ ಪುಸ್ತಕ ಬಂದಿತ್ತು. ದಿನಕ್ಕೊಂದು ಪುಟ ಓದಬೇಕು, ಕೆಳಗಿನ ಖಾಲಿ ಜಾಗದಲ್ಲಿ ಅನಿಸಿದ್ದನ್ನು ಬರೆಯಬೇಕು, ಜೊತೆಗೊಬ್ಬರು ಇರಬೇಕು. ನನ್ನ ಪಾಲಿಗೆ ಬಂದವರು ಬಾಜೂಮನೆಯ ಟೇಲರ್ ಮೆಹಬೂಬ ಕಾಕಾ. ಹೆಂಡತಿ ತೀರಿಕೊಂಡ ಮೇಲೆ ಅವರು ಮಷಿನ್ ಮುಟ್ಟಿರಲಿಲ್ಲ, ಸರಿಯಾಗಿ ಉಂಡಿರಲಿಲ್ಲ. ಗುರುವಾರ ತಾಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುವವರಿದ್ದರು. ಅಷ್ಟರೊಳಗೆ ಕಾಕಾನನ್ನು ಅಲ್ಲಿಗೆ ಬರಲು ಒಪ್ಪಿಸಬೇಕೆಂಬುದು ರೇಣುಕಾಳ ಆಸೆ.

ಮೊದಲ ದಿನ ಕಾಕಾ ಪುಸ್ತಕವನ್ನು ನನ್ನ ಬಳಿ ಬಿಟ್ಟುಹೋದರು. ನಾಲ್ಕು ಸಾಲು ಬರೆದಿದ್ದರು. ನಾಲ್ಕರಲ್ಲೂ ಒಂದೇ ಮಾತು: ಮನೆಯಲ್ಲಿ ಸಪ್ಪಳ ಇಲ್ಲ. ನನ್ನ ಕೈ ತಾನಾಗಿಯೇ ಕೆಂಪು ಪೆನ್ನಿಗೆ ಹೋಯಿತು. ಮೂರು ಸಾಲು ಹೊಡೆದುಹಾಕಿ ಅಂಚಿನಲ್ಲಿ ‘ಪುನರಾವರ್ತನೆ’ ಎಂದು ಬರೆದೆ. ಉಳಿದ ಸಾಲಿನ ಪಕ್ಕ ‘ಯಾವಾಗಿನಿಂದ? ಸ್ಪಷ್ಟಪಡಿಸಿ’ ಎಂದು ಸೂಚಿಸಿ, ಅಚ್ಚುಕಟ್ಟಾಯಿತೆಂದು ಹಿಗ್ಗಿ, ಸಂಜೆಯೇ ಮರಳಿ ಕೊಟ್ಟುಬಂದೆ!

ಮರುದಿನ ಕಾಕಾ ಬರಲಿಲ್ಲ. ರೇಣುಕಾ ಬಂದು ಪುಸ್ತಕವನ್ನು ನನ್ನ ಮುಂದಿಟ್ಟಳು. ಇದೂ ಬೇಡ, ಡಾಕ್ಟರೂ ಬೇಡ ಎಂದರಂತೆ. ಆ ಡಾಕ್ಟರೂ ಹೀಗೇ ತಪ್ಪು ಹುಡುಕಿದರೆ ಏನು ಮಾಡುವುದೆಂದು ಕೇಳಿದರಂತೆ.

ತಪ್ಪಾದರೆ ತಿದ್ದುಪಡಿ ಪ್ರಕಟಿಸುವುದು ನಮ್ಮ ಪದ್ಧತಿ. ‘ಕಣ್ತಪ್ಪಿನಿಂದ ಮೂರು ಸಾಲುಗಳನ್ನು ಹೊಡೆದುಹಾಕಲಾಗಿತ್ತು. ವಿಷಾದಿಸುತ್ತೇವೆ’ ಎಂದು ಚೀಟಿ ಬರೆದು ಹೆಂಡತಿ ಸರೋಜಾಳಿಗೆ ತೋರಿಸಿದೆ.

“ಹೊಡದವರು ನೀವೊಬ್ರ. ವಿಷಾದಕ್ಕ ಮತ್ಯಾರನ್ನ ಕರಕೊಂಡೀರಿ?” ಎಂದವಳು ಚೀಟಿ ಹರಿದು, ಡಬ್ಬಿಯಲ್ಲಿ ರೊಟ್ಟಿ, ಪಲ್ಯ ಹಾಕಿಕೊಂಡು, ನನ್ನನ್ನು ಮುಂದೆ ಮಾಡಿಕೊಂಡು ಕಾಕಾನ ಮನೆಗೆ ಹೊರಟಳು.

ಕಾಕಾ ಮತ್ತೆ ಅದನ್ನೇ ಹೇಳಿದರು. ಸಪ್ಪಳ ಇಲ್ಲ. ಎರಡನೇ ಸಲ, ಮೂರನೇ ಸಲ. ನಾನು ಬಾಯಿ ತೆರೆದೆ. ಸರೋಜಾ ನನ್ನತ್ತ ನೋಡಿದಳು. ಮುಚ್ಚಿದೆ. ನಾಲ್ಕನೇ ಸಲ ಹೇಳಿದ ಮೇಲೆ ಕಾಕಾ ಮಷಿನ್ ಕಡೆ ತಿರುಗಿದರು.

“ಇದರ ಸಪ್ಪಳಕ್ಕ ಆಕಿ ಬೈತಿದ್ಲು, ಸರೋಜವ್ವಾ. ಸಾಕು ಮಾಡ್ರಿ, ಉಣ್ಣಾಕ ಏಳ್ರಿ ಅಂತಿದ್ಲು. ಈಗ ಹೊಲಿಯಾಕ ಕುಂತ್ರ ಏಳ್ರಿ ಅನ್ನೋರು ಯಾರದಾರ?”

ಸುದ್ದಿ ಐದನೇ ಸಾಲಿನಲ್ಲಿತ್ತು. ನಾನು ಒಂದಕ್ಕೇ ಮುಗಿಸಿದ್ದೆ.

ಅರ್ಧ ರೊಟ್ಟಿ ಉಂಡ ಮೇಲೆ ಕಾಕಾ ನನ್ನನ್ನು ನೋಡಿ, ಗುರುವಾರ ನೀವೂ ಬರ್ತೀರೇನು ಎಂದರು. ಬರುತ್ತೇನೆ ಎಂದೆ.

“ಬರ್ರಿ. ಪೆನ್ನು ಮಾತ್ರ ಮನಿಯಾಗ ಇಟ್ಟು ಬರ್ರಿ.”

ಮನೆಗೆ ಬಂದು, ಪುಸ್ತಕವನ್ನು ಅವರಿಗೆ ಮರಳಿಸುವ ಮುನ್ನ ಮೊದಲ ಪುಟ ತೆಗೆದೆ. ‘ಜೊತೆಗೆ ಓದುವವರು ತಿದ್ದಬಾರದು. ಸುಮ್ಮನೆ ಕೇಳಿಸಿಕೊಳ್ಳಬೇಕು’ ಎಂದು ಅಲ್ಲಿ ಅಚ್ಚಾಗಿತ್ತು. ಅದರ ಪಕ್ಕದಲ್ಲೂ ಕೆಂಪು ಅಕ್ಷರಗಳಿದ್ದವು, ನನ್ನವೇ: ‘ಸಂಕ್ಷಿಪ್ತಗೊಳಿಸಬಹುದು.’