ಗಿಟಾರಿಗೆ ಕಟ್ಟಿಸಿದ ವಸಡು

ಮಗಳ ಗಂಟಲಿಗೂ ಅಪ್ಪನ ಬೆರಳಿಗೂ ನಡುವೆ ಮೂರು ಮೆಟ್ಟು ಅಂತರವಿತ್ತು. ಆ ದಿನದ ಅಷ್ಟೂ ರಂಪಕ್ಕೆ ಅದೇ ಮೂಲ.

ಅಪ್ಪನಿಗೆ ಗಿಟಾರಿನಲ್ಲಿ ಬರುತ್ತಿದ್ದದ್ದು ನಾಲ್ಕೇ ಪಟ್ಟು, ಅಂದರೆ ನಾಲ್ಕೇ ಕಾರ್ಡ್. ಮದುವೆಗೆ ಮುಂಚೆ ಕಲಿತದ್ದು. ಐದನೆಯದಕ್ಕೆ ಆಮೇಲೆ ಪುರುಸೊತ್ತು ಸಿಗಲಿಲ್ಲ. ಆ ನಾಲ್ಕು ಪಟ್ಟಿನಲ್ಲಿ ನುಡಿಸಿದರೆ ಮಗಳ ಧ್ವನಿ ಬಾವಿಗೆ ಬಿದ್ದ ಕೊಡದ ಹಾಗೆ ತಳದಲ್ಲಿ ಗುಡುಗುಡು ಎನ್ನುತ್ತಿತ್ತು. ಅವಳ ಎತ್ತರಕ್ಕೆ ಏರಬೇಕೆಂದರೆ ಹೊಸ ಪಟ್ಟು ಕಲಿಯಬೇಕು, ಇಲ್ಲವೇ ಕ್ಯಾಪೊ ಕೊಳ್ಳಬೇಕು. ಕ್ಯಾಪೊ ಎಂದರೆ ಗಿಟಾರಿನ ಕುತ್ತಿಗೆಗೆ ಹಾಕುವ ಚಿಮುಟ. ಆ ಕುತ್ತಿಗೆಯ ಮೇಲಿನ ಅಡ್ಡಪಟ್ಟಿಗಳೇ ಮೆಟ್ಟು. ಮೂರನೆಯ ಮೆಟ್ಟಿನ ಮೇಲೆ ಕ್ಯಾಪೊ ಆರೂ ತಂತಿಯನ್ನು ಒತ್ತಿ ಹಿಡಿದರೆ ಹಳೇ ಪಟ್ಟುಗಳೇ ಮೂರು ಮೆಟ್ಟು ಮೇಲಿನಿಂದ ನುಡಿಯುತ್ತವೆ. ಸೋಮಾರಿಗಳ ಪಾಲಿನ ವರ.

ಅವನ ಕೆಲಸ ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ. ಹೋದ ವರ್ಷ ಮಗಳು ಶಾಲೆಯ ನಾಟಕದಲ್ಲಿ ಮರವಾಗಿದ್ದ ದಿನ ಯಾರದೋ ಮೇಲ್ದವಡೆ ತುರ್ತಾಗಿ ಬಂತು, ಹೋಗಲಾಗಲಿಲ್ಲ. ಅದರ ಹಿಂದಿನ ವರ್ಷ ಮೊಲವಾಗಿದ್ದಾಗ ಕೆಳದವಡೆ. ಈ ಸಲ ಹದಿನೈದು ಮಕ್ಕಳು ಸೇರಿ ಹಾಡುವುದಿತ್ತು, ಮಗಳೇ ಮುಂದಾಳು. ಗಿಟಾರಿಗೆ ಅಪ್ಪ ಎಂದು ಅವಳೇ ಶಾಲೆಯಲ್ಲಿ ಸಾರಿಬಿಟ್ಟಿದ್ದಳು.

"ಸಂಜೆ ಐದಕ್ಕೆ ಅಪ್ಪಾ. ಬರ್ತೀಯ ತಾನೆ?" ಬೆಳಿಗ್ಗೆ ಬೂಟಿನ ಲೇಸು ಕಟ್ಟುತ್ತ ಕೇಳಿದಳು.

"ಬರ್ದೇ ಏನು?"

"ಹೋದ್ಸಲನೂ ಹೀಗೇ ಅಂದಿದ್ದೆ."

ಅವನು ಮೂಲೆಯಲ್ಲಿದ್ದ ಗಿಟಾರನ್ನು ಎತ್ತಿಕೊಂಡ. "ಈ ಸಲ ಗಿಟಾರ್ ಹೊತ್ಕೊಂಡೇ ಲ್ಯಾಬಿಗೆ ಹೋಗ್ತೀನಿ. ಅಲ್ಲಿಂದ ನೆಟ್ಟಗೆ ಶಾಲೆಗೆ. ದಾರೀಲಿ ಕ್ಯಾಪೊ ತಗೋತೀನಿ."

"ಮೂರು ವಾರ ಇತ್ತು ಅದನ್ನ ತಗೊಳ್ಳೋಕೆ," ಎಂದಳು ಹೆಂಡತಿ, ಯಾರನ್ನೂ ನೋಡದೆ.

ಗಿಟಾರ್ ಹಿಡಿದು ಮೆಟ್ಟಿಲಿಳಿಯುವಾಗ ಕೆಳಮನೆಯ ನಿವೃತ್ತ ಸರ್ವೇಯರ್ ಚಹಾದ ಲೋಟ ಹಿಡಿದು ಅಡ್ಡ ನಿಂತಿದ್ದರು. ಸಂಗತಿ ಕೇಳಿ ಅವರ ಕಣ್ಣು ಹೊಳೆಯಿತು.

"ದುಡ್ಡು ಯಾಕಯ್ಯ ಹಾಳ್ಮಾಡ್ತೀಯ? ಒಂದು ಪೆನ್ಸಿಲ್, ಎರಡು ರಬ್ಬರ್ ಬ್ಯಾಂಡ್. ಇಡೀ ಊರನ್ನೇ ಅಳೆದಿದ್ದೀನಿ ನಾನು, ನಿನ್ನ ಮೂರು ಮೆಟ್ಟು ಯಾವ ಲೆಕ್ಕ?"

ಬೇಡ ಎನ್ನುವಷ್ಟರಲ್ಲಿ ಪೆನ್ಸಿಲ್ ತಂತಿಗಳ ಮೇಲೆ ಅಡ್ಡ ಮಲಗಿತ್ತು. ಸರ್ವೇಯರ್ ಉಸಿರು ಬಿಗಿಹಿಡಿದು ರಬ್ಬರ್ ಬ್ಯಾಂಡನ್ನು ನಾಲ್ಕನೆಯ ಸುತ್ತು ಎಳೆದರು. ಪೆನ್ಸಿಲ್ ಲಟ್ಟನೆ ಮುರಿಯಿತು. ಅರ್ಧ ಅವರ ಚಹಾದೊಳಗೆ ಬಿತ್ತು, ಇನ್ನರ್ಧ ಗಿಟಾರಿನ ಹೊಟ್ಟೆಯೊಳಗೆ. ಗಿಟಾರನ್ನು ಬೋರಲು ಹಾಕಿ, ಮಗುವಿಗೆ ಬಿಕ್ಕಳಿಕೆ ಬಂದಾಗ ಬೆನ್ನು ತಟ್ಟುವ ಹಾಗೆ ತಟ್ಟಿ, ಆ ತುಂಡನ್ನು ಉದುರಿಸುವ ಹೊತ್ತಿಗೆ ಬಸ್ ತಪ್ಪಿತ್ತು. ಆ ಗಡಿಬಿಡಿಯಲ್ಲಿ ಚೀಲದ ಜಿಪ್ಪೂ ಕಿತ್ತುಬಂತು. ಹೆಂಡತಿ ಸೂಜಿ ದಾರ ತಂದು, ಗಿಟಾರನ್ನು ಒಳಗಿಟ್ಟು ಚೀಲದ ಬಾಯಿ ಹೊಲಿದೇಬಿಟ್ಟಳು.

ವಾದ್ಯದ ಅಂಗಡಿಯವನು ಆಗಷ್ಟೇ ಬಾಗಿಲು ತೆಗೆದಿದ್ದ. ಮೂರು ಕ್ಯಾಪೊ ತಂದು ಸಾಲಾಗಿ ಇಟ್ಟ.

"ಇದು ಎಲಾಸ್ಟಿಕ್‌ದು, ಬಹಳ ಅಗ್ಗ. ತಿಂಗಳು ಕಳೆದ್ರೆ ಹಳೇ ಚಡ್ಡಿ ಥರ ಸಡಿಲ ಆಗುತ್ತೆ. ಇದು ಸ್ಕ್ರೂದು, ಎಷ್ಟು ಬೇಕೋ ಅಷ್ಟೇ ಬಿಗಿ ಮಾಡ್ಕೋಬಹುದು. ಆದ್ರೆ ರೇಟು ಕೇಳ್ಬೇಡಿ. ಇದು ಸ್ಪ್ರಿಂಗ್‌ದು. ಒಂದೇ ಕೈಲಿ ಹಾಕ್ಬಹುದು, ತೆಗೀಬಹುದು, ಜೇಬಿಗೂ ಭಾರ ಇಲ್ಲ."

"ಸ್ಪ್ರಿಂಗ್‌ದೇ ಕೊಡಿ."

"ನಿಮ್ಮ ಗಿಟಾರ್ ಕುತ್ತಿಗೆ ಮೇಲ್ಗಡೆ ಚಪ್ಪಟೆನೋ, ಬಾಗಿದೆಯೋ? ಅದಕ್ಕೆ ಬೇರೆ, ಇದಕ್ಕೆ ಬೇರೆ."

ಗಿಟಾರ್ ಬೆನ್ನ ಮೇಲೇ ಇತ್ತು. ತೆಗೆದು ತೋರಿಸಲು ಅರ್ಧ ನಿಮಿಷ ಸಾಕಿತ್ತು, ಆದರೆ ಹೆಂಡತಿಯ ಹೊಲಿಗೆ ಬಿಚ್ಚುವ ಧೈರ್ಯವಾಗಲಿಲ್ಲ. "ಎಲ್ಲರ ಕುತ್ತಿಗೆ ಹೇಗೋ ಇದರದೂ ಹಾಗೇ, ಬಾಗಿರುತ್ತೆ, ಕೊಡಿ," ಎಂದು ಬಾಗಿದ ಕುತ್ತಿಗೆಯದನ್ನು ಕೊಂಡು ಓಡಿದ.

ಲ್ಯಾಬಿನಲ್ಲಿ ಊಟದ ಹೊತ್ತಿಗೆ ಕತ್ತರಿಯಿಂದ ಹೊಲಿಗೆ ಬಿಚ್ಚಿ ಕ್ಯಾಪೊ ಹಾಕಿ ನೋಡಿದ. ಅವನ ಗಿಟಾರಿನ ಕುತ್ತಿಗೆ ರೊಟ್ಟಿ ಮಣೆಯಷ್ಟು ಚಪ್ಪಟೆ. ಬಾಗಿದ ಕ್ಯಾಪೊ ಅಂಚಿನ ಎರಡು ತಂತಿಯನ್ನು ಒತ್ತಿ, ನಡುವಿನ ನಾಲ್ಕನ್ನು ಮುಟ್ಟದೆ ಕಮಾನಿನ ಹಾಗೆ ನಿಂತಿತು. ಮೀಟಿದರೆ ಡಬ್ಬಿಯೊಳಗೆ ಜೀರುಂಡೆ ಸಿಕ್ಕಿಬಿದ್ದ ಸದ್ದು. ಅಂಗಡಿಗೆ ಫೋನ್ ಮಾಡಿದ. ಮಧ್ಯಾಹ್ನದಿಂದ ರಜೆ ಎಂದಿತು ಅಂಗಡಿಯವನ ಹೆಂಡತಿಯ ದನಿ.

ಅಷ್ಟರಲ್ಲಿ ಮೇಜಿನ ಸುತ್ತ ಲ್ಯಾಬೇ ಸೇರಿತ್ತು. ಲ್ಯಾಬ್ ಎಂದರೆ ಇಬ್ಬರು: ಮೂವತ್ತು ವರ್ಷದಿಂದ ಸೆಟ್ ಕಟ್ಟುತ್ತಿರುವ, ಎಲ್ಲರೂ ದವಡೆ ಮಾಮ ಎಂದೇ ಕರೆಯುವ ಹಿರಿಯ, ಮತ್ತು ಹಲ್ಲಿಗೆ ಬಣ್ಣ ಹೊಂದಿಸುವ ಬಣ್ಣದಕ್ಕ.

"ಇಷ್ಟಕ್ಕೆ ಮುಖ ಯಾಕೆ ಹಿಂಗ್ಮಾಡ್ಕೊಂಡಿದ್ದೀಯ?" ದವಡೆ ಮಾಮ ಕನ್ನಡಕ ಏರಿಸಿ ಕ್ಯಾಪೊದ ಕೆಳಗೆ ಇಣುಕಿದರು. "ವಸಡಿಗೂ ಸೆಟ್ಟಿಗೂ ನಡುವೆ ಸಂದು. ನಾವು ದಿನಾ ನೋಡೋ ಕಾಯಿಲೆ ಕಣೋ ಇದು!"

"ಮಾಮ, ಇದು ಬಾಯಲ್ಲ."

"ಯಾವುದಾದ್ರೇನು? ಅಚ್ಚು ತೆಗೆದ್ರೆ ಆಯ್ತು."

ಗಿಟಾರಿನ ಕುತ್ತಿಗೆಗೆ ತಂತಿ ಸಮೇತ ಅಚ್ಚಿನ ಹಿಟ್ಟು ಮೆತ್ತಿದರು. "ಅಲ್ಲಾಡಬೇಡ," ಎಂದು ಅಭ್ಯಾಸಬಲದಿಂದ ಗಿಟಾರಿಗೇ ಹೇಳಿದರು. ಬಣ್ಣದಕ್ಕ ಬಣ್ಣದ ಪಟ್ಟಿಯನ್ನು ಮರಕ್ಕೆ ಹಿಡಿದು ತಲೆ ಓರೆ ಮಾಡಿದಳು. "ಈ ಮೈಬಣ್ಣಕ್ಕೆ ಕಡು ಗುಲಾಬಿ ಹೊಂದಲ್ಲ. ತಿಳಿ ಗುಲಾಬಿ ಹಾಕಿ, ಸಹಜವಾಗಿ ಕಾಣುತ್ತೆ."

ಒಂದೂವರೆ ಗಂಟೆಯಲ್ಲಿ ಕ್ಯಾಪೊದ ರಬ್ಬರ್ ಜಾಗದಲ್ಲಿ ಥಳಥಳ ಹೊಳೆಯುವ ವಸಡು ಸಿದ್ಧವಾಯಿತು. ಹಾಕಿದರೆ ಕುತ್ತಿಗೆಯ ಜೊತೆಗೇ ಹುಟ್ಟಿದ ಹಾಗೆ ಕೂತಿತು. ಮೀಟಿದ. ಮೂರನೆಯ ಮೆಟ್ಟಿನ ಸುಳಿವೇ ಇಲ್ಲ. ಅದೇ ಹಳೆಯ, ಕೆಳಗಿನ ನಾದ.

ದವಡೆ ಮಾಮ ಎದೆ ಉಬ್ಬಿಸಿದರು. "ನೋಡು, ಒಂದೊಂದು ತಂತಿಗೂ ಒಂದೊಂದು ತೋಡು. ಎಲ್ಲೂ ಒತ್ತಲ್ಲ!"

"ಮಾಮ, ಒತ್ತಬೇಕು."

"ಒತ್ತಬೇಕಾ?" ಅವರು ಕುರ್ಚಿಯ ಮೇಲೆ ಕೂತುಬಿಟ್ಟರು. ಮೂವತ್ತು ವರ್ಷದಲ್ಲಿ ಎಲ್ಲರೂ ಒತ್ತುತ್ತೆ ಎಂದು ದೂರು ತಂದವರೇ. ಒತ್ತಲ್ಲ ಎಂದವನು ಇವನೊಬ್ಬ.

ಗಡಿಯಾರ ನಾಲ್ಕು ತೋರಿಸುತ್ತಿತ್ತು. ಮರದ ಪಾತ್ರ ಮಾಡಿದ ದಿನ ಮಗಳು ರಾತ್ರಿಯಿಡೀ ಗೋಡೆ ಕಡೆ ತಿರುಗಿ ಮಲಗಿದ್ದು ಅವನಿಗೆ ನೆನಪಾಯಿತು. "ಏನಾದ್ರೂ ಮಾಡಿ ಮಾಮ," ಎಂದ. ಮಾಮ ಎದ್ದು ತೋಡುಗಳನ್ನು ಉಜ್ಜಿ ಮಟ್ಟ ಮಾಡಿದರು, ಮೇಲೆ ಹಸಿ ಗುಲಾಬಿ ಹಿಟ್ಟು ಹಚ್ಚಿ, ನೇರವಾಗಿ ಗಿಟಾರಿನ ಮೇಲೇ ಕ್ಯಾಪೊ ಒತ್ತಿ ಹಿಡಿದರು. "ಸೆಟ್ ಸಡಿಲಾದ್ರೆ ಬಾಯಲ್ಲೇ ಹೀಗೆ ಮಾಡ್ತಾರೆ. ಹತ್ತು ನಿಮಿಷ, ಕಲ್ಲಾಗುತ್ತೆ."

ಕಲ್ಲಾಯಿತು. ಮೀಟಿದ. ಆರೂ ತಂತಿ ಮೂರನೆಯ ಮೆಟ್ಟಿನಿಂದ ಗಂಟೆ ಹೊಡೆದ ಹಾಗೆ ನುಡಿದವು. ಬಣ್ಣದಕ್ಕ ಚಪ್ಪಾಳೆ ತಟ್ಟಿದಳು. ಅವನು ಗಿಟಾರನ್ನು ಚೀಲಕ್ಕೂ ಹಾಕದೆ ಎದೆಗವಚಿಕೊಂಡು ಬೀದಿಗೆ ಓಡಿದ.

ಐದಕ್ಕೆ ಐದು ನಿಮಿಷವಿರುವಾಗ ಪರದೆಯ ಹಿಂದೆ ಏದುಸಿರು ಬಿಡುತ್ತ ನಿಂತ ಅಪ್ಪನನ್ನು ಕಂಡು ಮಗಳ ಮುಖ ಊರಗಲವಾಯಿತು.

"ಬಂದ್ಯಾ! ನೀನು ಬರಲ್ಲ ಅಂತ ಎಲ್ಲಾ ಅಂದ್ರು, ನಾನು ಬರ್ತಾನೆ ಅಂದೆ." ಹತ್ತಿರ ಬಂದು ಕಿವಿಯಲ್ಲಿ ಪಿಸುಗುಟ್ಟಿದಳು. "ನೀನೇನೂ ಹೆದರ್ಬೇಡ. ಕ್ಯಾಪೊ ಸಿಗದಿದ್ರೆ ನೀನು ಬರೋದೇ ಇಲ್ಲ ಅಂತ ನಂಗೆ ಭಯ ಆಯ್ತು. ಅದಕ್ಕೆ ಹಾಡಿನ ಮೇಡಂಗೆ ಹೇಳಿ ಹಾಡನ್ನೇ ಮೂರು ಮೆಟ್ಟು ಕೆಳಗಿಳಿಸ್ಬಿಟ್ಟೆ. ಬೆಳಿಗ್ಗೆಯಿಂದ ಹದಿನೈದು ಜನಾನೂ ಹಾಗೇ ಕಲಿತಿದ್ದೀವಿ. ಎಲ್ಲಾ ಸೇರಿ ಹಾಡಿದ್ರೆ ಕೆಳಗಿದ್ರೂ ಚೆನ್ನಾಗೇ ಕೇಳುತ್ತೆ. ನೀನು ಸುಮ್ನೆ ಹಾಗೇ ನುಡಿಸು, ಕ್ಯಾಪೊ ಬೇಡ."

ಇಷ್ಟು ಹೇಳಿ ಸಾಲಿಗೆ ಓಡಿದಳು.

ಅವನು ಸ್ಪ್ರಿಂಗ್ ಅದುಮಿದ. ಹಿಡಿ ಬಾಯಿ ತೆರೆಯಿತು, ವಸಡು ಕದಲಲಿಲ್ಲ. ಎಳೆದ. ಗಿಟಾರನ್ನು ಮಂಡಿಗಳ ನಡುವೆ ಸಿಕ್ಕಿಸಿ ಎರಡೂ ಕೈಯಿಂದ ಎಳೆದ. ಕೊನೆಗೆ ಲ್ಯಾಬಿಗೆ ಫೋನ್ ಹಚ್ಚಿದ.

"ಮಾಮ, ಬರ್ತಿಲ್ಲ!"

"ಬರಲ್ಲ ಅಲ್ವಾ?" ದವಡೆ ಮಾಮನ ದನಿಯಲ್ಲಿ ಸಂತೋಷ ಉಕ್ಕಿತು. "ನನ್ನ ಕೈ ಕೆಲಸ ಅದು!"

"ತೆಗೀಬೇಕು ಮಾಮ, ಈಗ್ಲೇ!"

ಆ ಕಡೆ ಹಣೆ ಚಚ್ಚಿಕೊಂಡ ಸದ್ದು. "ಅಯ್ಯೋ... ಬಾಯಲ್ಲಾದ್ರೆ ಉಗುಳಿರುತ್ತೆ, ಅಂಟಲ್ಲ. ಮರಕ್ಕೆ ಉಗುಳು ಎಲ್ಲಿಂದ ಬರ್ಬೇಕು? ಮೊದಲು ಎಣ್ಣೆ ಸವರ್ಬೇಕಿತ್ತು ಕಣೋ."

ಪರದೆ ಸರಿಯಿತು. ಮುನ್ನೂರು ಜೊತೆ ಕಣ್ಣು. ಅವನಿಗೆ ಗೊತ್ತಿದ್ದ ನಾಲ್ಕು ಪಟ್ಟಿನಲ್ಲಿ ಯಾವುದು ಹಿಡಿದರೂ ಮಕ್ಕಳ ಸ್ವರಕ್ಕೆ ಮೂರು ಮೆಟ್ಟು ಮೇಲೆಯೇ ಕೂಗುತ್ತದೆ. ಬಿಟ್ಟು ಹೋಗುವಂತಿಲ್ಲ, ನುಡಿಸುವಂತೆಯೂ ಇಲ್ಲ. ಹಾಡಿನ ಮೇಡಂ ತಮ್ಮ ಶ್ರುತಿಪೆಟ್ಟಿಗೆಯಿಂದ ಸ್ವರ ಕೊಟ್ಟರು, ಮಕ್ಕಳು ಹಿಡಿದರು. ಅಪ್ಪ ಕಣ್ಣು ಮುಚ್ಚಿ, ತಲೆ ತೂಗಿ, ತಂತಿಗಿಂತ ಒಂದು ಅಂಗುಲ ಮೇಲೆ ಗಾಳಿಯನ್ನು ಮೀಟತೊಡಗಿದ. ನಡುನಡುವೆ ಹುಬ್ಬು ಏರಿಸಿದ. ಒಮ್ಮೆ, ತೀರಾ ಭಾವುಕವಾದ ಕಡೆ, ಕೆಳತುಟಿ ಕಚ್ಚಿಕೊಂಡ. ಒಂದೇ ಒಂದು ತಂತಿಯೂ ಸೊಲ್ಲೆತ್ತಲಿಲ್ಲ.

ಹಾಡು ಮುಗಿಯಿತು. ಚಪ್ಪಾಳೆ ನಿಲ್ಲುವಂತೆ ಕಾಣಲಿಲ್ಲ. ಬೆವರು ಒರೆಸಿಕೊಂಡು ಹಿಂಬಾಗಿಲಿನಿಂದ ಜಾರಬೇಕೆನ್ನುವಷ್ಟರಲ್ಲಿ ಹೆಡ್ ಮೇಡಂ ಎದುರಾದರು. ಅವರ ಕಣ್ಣು ತೇವವಾಗಿತ್ತು.

"ಎಷ್ಟೋ ಜನ ವಾದಕರನ್ನ ನೋಡಿದ್ದೀನಿ ಸಾರ್. ಎಲ್ಲರೂ ಹಾಡೋರ ಮೇಲೆ ಸವಾರಿ ಮಾಡೋರೇ. ನೀವು ಎಷ್ಟು ಮೃದುವಾಗಿ ನುಡಿಸಿದ್ರಿ ಅಂದ್ರೆ, ಇದ್ದೀರೋ ಇಲ್ವೋ ಗೊತ್ತಾಗ್ಲಿಲ್ಲ!" ದನಿ ತಗ್ಗಿಸಿದರು. "ಬರೋ ಶನಿವಾರ ಪೋಷಕರ ಸಭೆ. ನಾನೊಬ್ಬಳೇ ಹಾಡೋದು, ನೀವೊಬ್ಬರೇ ನುಡಿಸೋದು. ನನ್ನ ಧ್ವನಿ ಸ್ವಲ್ಪ ಎತ್ತರ. ಆ ಗುಲಾಬಿ ಕ್ಲಿಪ್ಪನ್ನ ಐದನೇ ಮೆಟ್ಟಿಗೆ ಸರಿಸ್ಕೊಂಡ್ರೆ ಸಾಕು, ಅಷ್ಟೇ."

ಅವನು ಬಾಯಿ ತೆರೆದ. ಅಷ್ಟರಲ್ಲಿ ಮಗಳು ಓಡಿಬಂದು ಅವನ ತೋಳಿಗೆ ಜೋತುಬಿದ್ದು, ಹೆಡ್ ಮೇಡಂ ಕಡೆ ಗಲ್ಲ ಎತ್ತಿದಳು.

"ಬರ್ತಾರೆ ಮೇಡಂ. ನಮ್ಮಪ್ಪ ಹೇಳಿದ್ರೆ ಬಂದೇ ಬರ್ತಾರೆ."