ಅಮೋಗಸಿದ್ದನ ಕಾಲಿನ ಪುಡಿ

ಅಮೋಗಸಿದ್ದನಿಗೆ ಒಣ ಅಂಗಾಲು ಇರಲಿಲ್ಲ. ಉಮದಿಯಲ್ಲಿ ಅಣ್ಣಾರಾಯರ ಬಟ್ಟೆ ಅಂಗಡಿಯ ಗುಮಾಸ್ತನಿಗೆ ಇದು ಸಣ್ಣ ಕೊರತೆಯಲ್ಲ. ಅಲ್ಲಿ ಬಿಳಿ ಚಾದರ ಹಾಸಿದ ಗಾದಿಯ ಮೇಲೆ ಬರಿಗಾಲಲ್ಲಿ ಕೂತೇ ಅರಿವೆ ತೋರಿಸಬೇಕು. ಅವನು ಕಾಲು ಮಡಚಿ ಕೂತರೆ ಸಾಕು, ಸೀರೆ ನೋಡಲು ಬಂದ ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡು ಎದುರಿನ ಅಂಗಡಿಗೆ ಏಳುತ್ತಿದ್ದರು. ಸರಕಾರದ ಬಟ್ಟೆ ಕಂಟ್ರೋಲು ರದ್ದಾದ ಮೇಲೆ ಎದುರಿನವನಲ್ಲೂ ಬೇಕಾದಷ್ಟು ಮಾಲಿತ್ತು.

“ನಾಳೆ ಸಂತಿ,” ಎಂದಿದ್ದರು ಅಣ್ಣಾರಾಯರು. “ನಾಳೆನೂ ನಿನ್ನ ಕಾಲು ನಾತಾವಂದ್ರ ಹಂಗ ಮನಿಗೆ ಹೋಗಿಬಿಡು.”

ಬೆಳಿಗ್ಗೆ ಮಗ್ಗುಲ ಮನೆಯ ಭಾಗವ್ವ ಅರಿಷಿಣದ ಬಟ್ಟಲು ತಂದಳು.

“ಗಾಯಕ್ಕ ಹಚ್ಚೂದಿದು. ಹಚ್ಕೊ.”

“ಗಾಯ ಇಲ್ಲಬೇ.”

“ನೌಕರಿ ಹ್ವಾದ್ರ ಆಗತೈತಿ. ಹಚ್ಕೊ.”

ಹಚ್ಚಿಕೊಂಡು ಹೊರಟವನನ್ನು ಓಣಿಯ ತುದಿಯಲ್ಲಿ ಎಲೆ ಅಡಿಕೆ ಮಾರುವ ಮಲಕಾಜಪ್ಪ ತಡೆದ. “ಅರಿಷಿಣ ಬೆವರು ಹೀರತೈತೇನಲೇ? ಗ್ವಾಡಿ ಎಂದಾರ ನಾತೈತೇನು? ಯಾಕಂದ್ರ ಅದಕ ಸುಣ್ಣ ಹಚ್ಚೇವಿ.” ಒಣ ಸುಣ್ಣದ ಪುಡಿಯನ್ನು ಚಿಲುಮೆಗೆ ತಂಬಾಕು ತುಂಬಿದಂತೆ ಬೆರಳ ಸಂದಿಗೆಲ್ಲ ತಾನೇ ತುಂಬಿದ.

ಪೇಟೆಯಲ್ಲಿ ಅತ್ತರು ಮಾರುವ ಇಮಾಮಸಾಬ ಅವರಿಬ್ಬರ ಬುದ್ಧಿಗೂ ಮರುಗಿದ. ಮಲ್ಲಿಗೆ ವಾಸನೆಯ ಪೌಡರನ್ನು ಎರಡೂ ಪಾದಗಳ ಮೇಲೆ ಸುರಿದು, “ಮದಿವ್ಯಾಗ ಮದಲಿಂಗ್ಯಾನ ಮಾರಿಗೆ ಹಚ್ಚೂದಪ ಇದು. ನಿನ್ನ ಕಾಲಿನ ನಸೀಬ ನೋಡು,” ಎಂದ.

ಅಮೋಗಸಿದ್ದ ಅಂಗಡಿ ತೆಗೆದು, ಒಗೆದ ಚಾದರ ಹಾಸಿ, ಗಾದಿ ದಾಟಿ ಹೋಗಿ ಗಲ್ಲಾಪೆಟ್ಟಿಗೆಗೆ ಊದಿನಕಡ್ಡಿ ಬೆಳಗಿದ. ಅದರ ಹಿಂದೆಯೇ ಇದ್ದ ಹಿತ್ತಲ ಬಾಗಿಲಿನಿಂದ ನೀರಿಗೆ ಹೋದ. ಕಾಲು ಉರಿಯುತ್ತಿತ್ತು. ಎತ್ತಿ ನೋಡಿದರೆ ಅಂಗಾಲು ಕೆಂಪಗೆ. ಅರಿಷಿಣವೂ ಸುಣ್ಣವೂ ಬೆವರಿನಲ್ಲಿ ಕಲಸಿ ಕುಂಕುಮದ ಬಣ್ಣ ಕೂತಿತ್ತು. ಕಲ್ಲಿನಿಂದ ಉಜ್ಜಿದ. ಬಣ್ಣದ ಜೊತೆ ಬೆರಳ ಸಂದಿಯ ಚರ್ಮವೂ ಎದ್ದಿತು.

ಒಳಗೆ ಬಂದಾಗ ಬಾಗಿಲ ತುಂಬ ಜನ. ಅಣ್ಣಾರಾಯರು ತಲೆಯ ರುಮಾಲು ತೆಗೆದು ಕೈಮುಗಿದು ನಿಂತಿದ್ದರು. ಬಿಳಿ ಚಾದರದ ಮೇಲೆ ಬೀದಿಯ ಕಡೆಯಿಂದ ಗಲ್ಲಾದವರೆಗೆ ಕೆಂಪು ಹೆಜ್ಜೆಗಳು, ಒಳಗೆ ಬಂದವು ಮಾತ್ರ.

“ಲಕ್ಷ್ಮಿ ಬಂದಾಳ,” ಎಂದರು ಮೆಲ್ಲಗೆ. “ಹೊಳ್ಳಿ ಹೋಗಿಲ್ಲ.”

“ಅವು ನನ್ನ ಹೆಜ್ಜಿರೀ, ಸಾವಕಾರ್ರ.”

ಅಣ್ಣಾರಾಯರು ಮೊಣಕಾಲೂರಿ ಚಾದರ ಮೂಸಿದರು. ಕಣ್ಣಲ್ಲಿ ನೀರು ಬಂತು. “ಮಲ್ಲಿಗಿ ವಾಸನಿ. ಏಳು ವರ್ಷ ನಿನ್ನ ಕಾಲಿನ ನಾತ ಕುಡದೇನಿ, ನನಗ ಗೊತ್ತಾಗೂದಿಲ್ಲೇನೋ?”

ಹೆಜ್ಜೆಗೆ ಅಳತೆ ಹೊಂದಿಸಿ ತೋರಿಸಲು ಅಮೋಗಸಿದ್ದ ಕಾಲೆತ್ತಿದ. ದೇವಿಯ ಹೆಜ್ಜೆ ತುಳಿಯುತ್ತಾನೆಂದು ನಾಲ್ಕು ಜನ ಅಂಗಿ ಹಿಡಿದು ಹಿಂದಕ್ಕೆಳೆದರು.

ಮಧ್ಯಾಹ್ನದ ಹೊತ್ತಿಗೆ ಸಂತೆಯೆಲ್ಲ ಇದೇ ಅಂಗಡಿಯಲ್ಲಿತ್ತು. ಹೆಂಗಸರು ಕಾಯಿ ಒಡೆಸಿ, ಮೆಟ್ಟಿಲ ಮೇಲೇ ನಿಂತು ಸೀರೆ ಕೊಂಡರು. ತೊಳೆದ ಕಾಲು ಅಷ್ಟರಲ್ಲಿ ಮತ್ತೆ ಬೆವರಿತ್ತು. ಅಣ್ಣಾರಾಯರು ಅವನನ್ನು ಪಕ್ಕಕ್ಕೆ ಕರೆದರು. ದನಿಯಲ್ಲಿ ಸಿಟ್ಟಿರಲಿಲ್ಲ.

“ನನಗಾದ್ರ ರೂಢಿ ಆಗಿತ್ತಪ. ಆಕಿ ಬಂದು ಕುಂತ ಜಾಗದಾಗ ಇಂಥಾ ಕಾಲು ಬ್ಯಾಡ. ನಾಳಿಂದ ಬರಬ್ಯಾಡ.”

ಆ ದಿನ ಅಮೋಗಸಿದ್ದ ಕಳೆದುಕೊಂಡದ್ದು ನೌಕರಿ ಒಂದು, ಬೆರಳ ಸಂದಿಯ ಚರ್ಮ ಆರು ಕಡೆ.